ಟೇಪಿನ ಮುಂದೆ ನಿಲ್ಲಲು ಬೇಕಾದ ಕಾಗದ

ಏಪ್ರಿಲ್ ತಿಂಗಳ ಒಂದು ಸೋಮವಾರ ಸಂಜೆ. ಮ್ಯಾಂಚೆಸ್ಟರಿನ ಗಾರ್ಟನ್ ಕಡೆಯ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ ಬೈಕ್ ಓಟ ನೋಡಲು ಬಂದಿದ್ದೀರಿ. ಮೊದಲ ತಿರುವಿನ ಹತ್ತಿರ, ಬೇಲಿಗೆ ಎದೆ ತಾಗುವಷ್ಟು ಮುಂದೆ ನಿಂತಿದ್ದೀರಿ. ಬಿಸಿಲು ಇನ್ನೂ ಇದೆ, ಆದರೆ ಅದಕ್ಕೆ ಕಾವಿಲ್ಲ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಕಾರ್ಯಕ್ರಮದ ಪುಸ್ತಕ ತೆರೆದಿಟ್ಟುಕೊಂಡು, ಪ್ರತಿ ಹೀಟಿನ, ಅಂದರೆ ಪ್ರತಿ ಓಟದ, ಪಾಯಿಂಟು ಬರೆದುಕೊಳ್ಳಲು ಪೆನ್ನು ಹಿಡಿದು ಸಿದ್ಧವಾಗಿದ್ದಾರೆ. ಟ್ರ್ಯಾಕ್ಟರ್ ಆಗಷ್ಟೇ ಕೊನೆಯ ಸುತ್ತು ಹಾಕಿ ಹೋಗಿದೆ. ಒದ್ದೆಯಾದ ಕೆಂಪು ಜಲ್ಲಿಪುಡಿಯ ನೆಲ 347 ಮೀಟರ್ ಉದ್ದಕ್ಕೂ ಹದವಾಗಿ ಹರಡಿಕೊಂಡಿದೆ. ಪಿಟ್ಸ್ ಕಡೆಯಿಂದ ಎಂಜಿನ್ ಸದ್ದಿನ ಜೊತೆಗೆ ಒಂದು ವಾಸನೆ ತೇಲಿ ಬರುತ್ತದೆ. ನಮ್ಮ ಕಡೆಯವರು ಯಾರಾದರೂ ತಕ್ಷಣ ಗುರುತು ಹಿಡಿಯುವ ವಾಸನೆ ಅದು: ಸುಟ್ಟ ಹರಳೆಣ್ಣೆ. ಈ ಎಂಜಿನ್ನುಗಳು ಮೆಥನಾಲ್ ಕುಡಿದು ಓಡುತ್ತವೆ, ಹರಳೆಣ್ಣೆಯಿಂದ ಮಾಡಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತವೆ. ಒಮ್ಮೆ ಮೂಗಿಗೆ ಹತ್ತಿದರೆ ಮನೆ ಸೇರುವವರೆಗೂ ಬಟ್ಟೆ ಬಿಟ್ಟು ಹೋಗುವುದಿಲ್ಲ.

ಬೇಲಿ ಬಿಟ್ಟು ಪಿಟ್ಸ್ ಕಡೆಗೆ ನಡೆಯಿರಿ. ಉದ್ದನೆಯ ಶೆಡ್ಡು, ಸಾಲಾಗಿ ಬೈಕುಗಳು. ಇವುಗಳಿಗೆ ಬ್ರೇಕ್ ಇಲ್ಲ. ಗೇರು ಒಂದೇ. 500 ಸಿಸಿ ಎಂಜಿನ್ನು, ಆದರೆ ಇಡೀ ಗಾಡಿಯ ತೂಕ 80 ಕಿಲೋದ ಆಸುಪಾಸು. ಒಬ್ಬ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚುತ್ತಿದ್ದಾನೆ, ಇನ್ನೊಬ್ಬ ಸ್ಪ್ರಾಕೆಟ್ ಬದಲಿಸುತ್ತಿದ್ದಾನೆ. ಮೂಲೆಯಲ್ಲಿ ಪೋಲಿಷ್ ಮಾತು ಕೇಳುತ್ತದೆ, ಅದರ ಪಕ್ಕದಲ್ಲೇ ಡ್ಯಾನಿಷ್, ಅದರಾಚೆ ಆಸ್ಟ್ರೇಲಿಯಾದ ಎಳೆದಾಡುವ ಇಂಗ್ಲಿಷ್. ಊರ ತಂಡದ ಹೆಸರು ಹೊತ್ತ ಬನಿಯನ್ನುಗಳ ಒಳಗೆ ನಾಲ್ಕೈದು ದೇಶಗಳ ಹುಡುಗರಿದ್ದಾರೆ.

ಏಳನೇ ನಂಬರಿನ ಹುಡುಗನ ಹತ್ತಿರ ನಿಲ್ಲಿ. ವಯಸ್ಸು 19. ಆಸ್ಟ್ರೇಲಿಯಾದ ಮೇಟ್‌ಲೆಂಡ್ ಕಡೆಯವನು. ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಬಿಗಿಯುತ್ತಿದ್ದಾನೆ. ತಿರುವಿನಲ್ಲಿ ಇಡೀ ಮೈಭಾರ ಹೊತ್ತು ನೆಲದ ಮೇಲೆ ಜಾರುವ ಕಾಲು ಅದು. ಅಟ್ಟೆಯ ತುದಿ ಸವೆದು ಕನ್ನಡಿಯಷ್ಟು ನುಣುಪಾಗಿದೆ. ಬಲಗೈ ಮಣಿಕಟ್ಟಿಗೆ ಒಂದು ದಾರ ಕಟ್ಟಿಕೊಳ್ಳುತ್ತಾನೆ. ಅವನು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ.

"ನಿನ್ನ ಗೆಳೆಯನ ಕಾಗದ ಏನಾಯಿತು?" ಎಂದು ಮೆಕ್ಯಾನಿಕ್ ತಲೆಯೆತ್ತದೆ ಕೇಳುತ್ತಾನೆ.

"ಆಗಲಿಲ್ಲ. ಈ ವರ್ಷ ಅವನು ಬರುವುದಿಲ್ಲ."

ಈ ಇಬ್ಬರು ಹುಡುಗರಿಗೆ ನಾನು ಹೆಸರಿಡುವುದಿಲ್ಲ, ಏಕೆಂದರೆ ಇವರು ಇಂಥವರೇ ಎಂದು ತೋರಿಸಬಹುದಾದ ವ್ಯಕ್ತಿಗಳಲ್ಲ. ಬ್ರಿಟನ್ನಿನ ಕಾನೂನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವ ಎರಡು ಬಗೆಯ ಹುಡುಗರು. ಒಂದೇ ಟ್ರ್ಯಾಕಿನಲ್ಲಿ ಬೆಳೆದವರು, ಒಂದೇ ವಯಸ್ಸಿನವರು. ಊರಿನಲ್ಲಿ ಹತ್ತು ಸಲ ಎದುರಾದರೆ ಆರು ಸಲ ಗೆಲ್ಲುವವನು ಆ ಬರಲಾರದವನೇ ಎಂದು ಇಟ್ಟುಕೊಳ್ಳಿ. ಇಲ್ಲಿ ನಿಂತಿರುವವನ ಅಜ್ಜಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವಳು. ಬರಲಾರದವನ ಅಜ್ಜಿ ಅಲ್ಲ. ಇಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ.

ಎರಡು ನಿಮಿಷದ ಎಚ್ಚರಿಕೆ ಮೊಳಗಿತು. ಅಷ್ಟರೊಳಗೆ ಓಟ ಶುರುವಾಗುವ ಗೆರೆಗೆ ಅಡ್ಡ ಕಟ್ಟಿದ ಟೇಪಿನ ಬಳಿ ಇರದಿದ್ದರೆ ಆ ಹೀಟಿನಿಂದಲೇ ಹೊರಗೆ. ಹುಡುಗ ಗಾಡಿ ತಳ್ಳಿಸಿಕೊಂಡು ಹೊರಟ. ನೀವೂ ಬೇಲಿಗೆ ಮರಳಿ ಬನ್ನಿ.

ಎರಡನೇ ಹೀಟು. ಎರಡೂ ತಂಡಗಳ ರಿಸರ್ವ್ ಹುಡುಗರ ಓಟ. ಆತಿಥೇಯರಿಗೆ ಕೆಂಪು ಮತ್ತು ನೀಲಿ ಹೆಲ್ಮೆಟ್, ಎದುರಾಳಿಗಳಿಗೆ ಬಿಳಿ ಮತ್ತು ಹಳದಿ. ನಾಲ್ವರೂ ಗೆರೆಯ ಬಳಿ ಬಂದು ಬೂಟಿನ ತುದಿಯಿಂದ ಮಣ್ಣು ಕೆದಕುತ್ತಾರೆ, ಚಕ್ರಕ್ಕೆ ಹಿಡಿತ ಸಿಗುವ ಜಾಗ ಹುಡುಕುತ್ತಾರೆ. ಆಮೇಲೆ ಮುಂದಕ್ಕೆ ಬಾಗಿ, ಎಡಗೈಯಲ್ಲಿ ಕ್ಲಚ್ ಹಿಡಿದು, ಕಣ್ಣನ್ನು ಟೇಪಿನ ಮೇಲೆ ನೆಟ್ಟು ನಿಲ್ಲುತ್ತಾರೆ. ಎಂಜಿನ್ನುಗಳ ಸದ್ದು ಏರುತ್ತಾ ಏರುತ್ತಾ ಎದೆಯೊಳಗೆ ಬಂದು ಕೂರುತ್ತದೆ. ರೆಫರಿ ತನ್ನ ಕೋಣೆಯಿಂದ ಗುಂಡಿ ಒತ್ತುತ್ತಾನೆ. ಟೇಪು ಛಟ್ಟನೆ ಮೇಲೆ ಹಾರುತ್ತದೆ.

ನಾಲ್ಕೂ ಬೈಕುಗಳು ಒಟ್ಟಿಗೆ ನಿಮ್ಮತ್ತ ನುಗ್ಗುತ್ತವೆ. ಬ್ರೇಕಿಲ್ಲದ ಗಾಡಿಯನ್ನು ತಿರುಗಿಸಬೇಕಾದರೆ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಬೇಕು. ಹಾಗೆ ಜಾರಿಸಲು ಆಕ್ಸಿಲರೇಟರ್ ಬಿಡುವುದಲ್ಲ, ಇನ್ನಷ್ಟು ಕೊಡಬೇಕು. ಮುಂಚಕ್ರ ಬಲಕ್ಕೆ, ಗಾಡಿ ಎಡಕ್ಕೆ. ಉಕ್ಕಿನ ಬೂಟು ನೆಲ ಸವರುತ್ತದೆ. ಹಿಂದಿನ ಚಕ್ರ ಚಿಮ್ಮಿಸಿದ ಜಲ್ಲಿ ಬೇಲಿ ದಾಟಿ ನಿಮ್ಮ ಭುಜಕ್ಕೆ, ಕೆನ್ನೆಗೆ ಬಂದು ಬಡಿಯುತ್ತದೆ. ಪಕ್ಕದ ಹಿರಿಯರು ಪುಸ್ತಕದ ಮೇಲೆ ಅಂಗೈ ಅಡ್ಡ ಹಿಡಿದಿದ್ದಾರೆ, ಅಷ್ಟೇ. ಅವರಿಗೆ ಇದು ರೂಢಿ. ಏಳನೇ ನಂಬರಿನವನು ಕೊನೆಯವನಾಗಿ ತಿರುವಿನಿಂದ ಹೊರಬರುತ್ತಾನೆ. ಎರಡನೇ ಸುತ್ತಿನಲ್ಲಿ ಬೇಲಿಯ ಅಂಚಿಗೆ, ಯಾರೂ ಹೋಗದ ಒದ್ದೆ ಮಣ್ಣಿಗೆ ಗಾಡಿ ಬಿಟ್ಟ. ನಿಮ್ಮಿಂದ ಒಂದು ತೋಳಿನ ದೂರದಲ್ಲಿ ಹಾದುಹೋದ. ಆ ಒದ್ದೆ ಮಣ್ಣಿನಲ್ಲಿ ಹಿಡಿತ ಸಿಕ್ಕಿತು. ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಹಳದಿ ಹೆಲ್ಮೆಟ್ಟಿನವನನ್ನು ದಾಟಿದ್ದ. ಒಂದು ನಿಮಿಷದ ಆಚೆ ಈಚೆ ಎಲ್ಲ ಮುಗಿಯಿತು. ಮೂರನೆಯ ಸ್ಥಾನ, ಒಂದು ಪಾಯಿಂಟು. ಗೆದ್ದವನಿಗೆ ಮೂರು, ಎರಡನೆಯವನಿಗೆ ಎರಡು, ಕೊನೆಯವನಿಗೆ ಸೊನ್ನೆ. ರೈಡರಿಗೆ ದುಡ್ಡು ಹುಟ್ಟುವುದೂ ಈ ಪಾಯಿಂಟಿನ ಲೆಕ್ಕದಲ್ಲೇ. ಬಿದ್ದು ಮೂಳೆ ಮುರಿದುಕೊಂಡ ವಾರ ಆ ಲೆಕ್ಕದಲ್ಲಿ ಏನೂ ಇರುವುದಿಲ್ಲ.

ಮುಂದಿನ ಹೀಟಿಗೆ ಇನ್ನೂ ಸಮಯವಿದೆ. ಹುಡುಗ ಇಲ್ಲಿ ನಿಂತದ್ದು ಹೇಗೆ ಎಂದು ನೋಡೋಣ.

ಹೊರದೇಶದ ಆಟಗಾರನೊಬ್ಬ ಬ್ರಿಟನ್ನಿನಲ್ಲಿ ದುಡಿಯಲು ಇರುವ ಮುಖ್ಯ ಬಾಗಿಲು ಅಂತರರಾಷ್ಟ್ರೀಯ ಕ್ರೀಡಾಪಟುವಿನ ವೀಸಾ. 2021ರ ಅಕ್ಟೋಬರಿನಿಂದ ಈ ಹೆಸರಿನಲ್ಲಿದೆ. ಅದಕ್ಕೂ ಮುಂಚೆ ಟಿಯರ್ 2, ಟಿಯರ್ 5 ಎಂದಿತ್ತು, 2008ಕ್ಕೂ ಹಿಂದೆ ಸರಳವಾಗಿ ವರ್ಕ್ ಪರ್ಮಿಟ್. ಈಗಲೂ ಪಿಟ್ಸಿನಲ್ಲಿ ಹಳಬರ ಬಾಯಲ್ಲಿ ವರ್ಕ್ ಪರ್ಮಿಟ್ಟೇ. ಕ್ಲಬ್ಬಿಗೆ ಸ್ಪಾನ್ಸರ್ ಲೈಸನ್ಸ್ ಇರಬೇಕು. ಕ್ರೀಡೆಯ ಆಡಳಿತ ಸಂಸ್ಥೆ ಆ ರೈಡರಿನ ಪರವಾಗಿ ಒಪ್ಪಿಗೆ ಪತ್ರ ಕೊಡಬೇಕು. ಆಮೇಲೆ ಕ್ಲಬ್ಬು ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಹೊರಡಿಸಬೇಕು. ಆಮೇಲೆ ಅರ್ಜಿ, ಬೆರಳಚ್ಚು, ಫೋಟೋ, ಖರ್ಚಿಗೆ 1,270 ಪೌಂಡ್ ಕೈಯಲ್ಲಿದೆ ಎಂಬುದಕ್ಕೆ ಬ್ಯಾಂಕಿನ ಪುರಾವೆ ಇಲ್ಲವೇ ಕ್ಲಬ್ಬಿನ ಹೊಣೆ. ಬೆಂಗಳೂರಿನಿಂದ, ಮಂಗಳೂರಿನಿಂದ ಬ್ರಿಟನ್ನಿಗೆ ಹೋದ ನಮ್ಮ ನರ್ಸುಗಳಿಗೆ, ಸಾಫ್ಟ್‌ವೇರ್ ಹುಡುಗರಿಗೆ ಈ ಮೆಟ್ಟಿಲುಗಳೆಲ್ಲ ಪರಿಚಿತ. ಇಲ್ಲಿ ಒಂದು ಮೆಟ್ಟಿಲು ಜಾಸ್ತಿ, ಆ ಒಪ್ಪಿಗೆ ಪತ್ರ.

ಗಂಟು ಇರುವುದು ಅಲ್ಲೇ. ಆ ಪತ್ರ ಸಿಗಬೇಕಾದರೆ ಆಟಗಾರ ಅಂತರರಾಷ್ಟ್ರೀಯವಾಗಿ ಅತ್ಯುನ್ನತ ಮಟ್ಟದಲ್ಲಿ ಹೆಸರು ಮಾಡಿರಬೇಕು, ಅಥವಾ ಅವನು ಬರುವುದರಿಂದ ಬ್ರಿಟನ್ನಿನಲ್ಲಿ ಆ ಕ್ರೀಡೆಯ ಉನ್ನತ ಮಟ್ಟಕ್ಕೆ ಗಣನೀಯ ಕೊಡುಗೆ ಸಲ್ಲಬೇಕು. ವಿಶ್ವ ಚಾಂಪಿಯನ್ನಿಗೆ ಇದು ತೊಡಕೇ ಅಲ್ಲ. ರಾಷ್ಟ್ರೀಯ ತಂಡದಲ್ಲಿ ಓಡಿದವನಿಗೂ ದಾರಿ ಸಿಗುತ್ತದೆ. 19ರ ಹುಡುಗ, ಊರಿನ ಟ್ರ್ಯಾಕಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದವನು, ಇನ್ನೂ ಪ್ರಪಂಚಕ್ಕೆ ಕಾಣಿಸಿಕೊಳ್ಳದವನು, ಏನನ್ನು ತೋರಿಸಬೇಕು? ಅವನಿಗೆ ಇರುವುದು ಮುಂದೆ ಆಗಬಹುದಾದದ್ದು ಮಾತ್ರ. ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ.

ಎರಡನೇ ಬಾಗಿಲು ಅಜ್ಜ ಅಜ್ಜಿಯದು. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿದ್ದು, ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಐದು ವರ್ಷದ ವೀಸಾ. ಯಾವ ಕೆಲಸವನ್ನಾದರೂ ಮಾಡಬಹುದು, ಸ್ಪೀಡ್‌ವೇ ಸಹ. ನಮ್ಮ ಏಳನೇ ನಂಬರಿನವನು ಬಂದದ್ದು ಹೀಗೆ: ಅಜ್ಜಿಯ ಜನನ ಪತ್ರ, ತಾಯಿಯ ಜನನ ಪತ್ರ, ತನ್ನದು, ಮೂರನ್ನೂ ಸೇರಿಸಿ ಪಿನ್ನು ಹೊಡೆದು.

ಮೂರನೇ ಬಾಗಿಲು ಯುವಜನರದು, ನನಗೆ ಹೆಚ್ಚು ಸಂಕಟ ತರುವುದೂ ಇದೇ. ಆಸ್ಟ್ರೇಲಿಯಾದ 18ರಿಂದ 35 ವಯಸ್ಸಿನ ಯಾರೇ ಆದರೂ ಯೂತ್ ಮೊಬಿಲಿಟಿ ವೀಸಾದಲ್ಲಿ ಬಂದು ಮೂರು ವರ್ಷ ಬ್ರಿಟನ್ನಿನಲ್ಲಿರಬಹುದು. ಪಬ್ಬಿನಲ್ಲಿ ಬಿಯರ್ ಸುರಿಯಬಹುದು, ಗೋದಾಮಿನಲ್ಲಿ ಪೆಟ್ಟಿಗೆ ಹೊರಬಹುದು, ಬ್ಯಾಂಕಿನಲ್ಲಿ ಲೆಕ್ಕ ಬರೆಯಬಹುದು. ಇದೇ ಪಿಟ್ಸಿನಲ್ಲಿ ಮೆಕ್ಯಾನಿಕ್ ಆಗಿ ಚಕ್ರ ಬಿಚ್ಚಬಹುದು. ವೃತ್ತಿಪರ ಕ್ರೀಡಾಪಟುವಾಗಿ ಮಾತ್ರ ದುಡಿಯುವಂತಿಲ್ಲ. ಭಾರತದ ಪದವೀಧರರಿಗೆ 2023ರಲ್ಲಿ ತೆರೆದ, ಲಾಟರಿ ಎತ್ತಿ ಕೊಡುವ ಎರಡು ವರ್ಷದ ಯುವ ವೃತ್ತಿಪರರ ವೀಸಾದಲ್ಲೂ ಇದೇ ನಿರ್ಬಂಧವಿದೆ. ಊರಿನಲ್ಲೇ ಉಳಿದ ಆ ಗೆಳೆಯ ನಾಳೆಯೇ ವಿಮಾನ ಹತ್ತಿ ಬಂದು ಇಲ್ಲಿ ಬೈಕು ಒರೆಸಬಹುದು. ಹತ್ತಿ ಓಡಿಸುವಂತಿಲ್ಲ.

ಈಗ ಹಿಂದಕ್ಕೆ ಹೋಗೋಣ, ಏಕೆಂದರೆ ಈ ಕ್ರೀಡೆ ಯಾರದು ಎಂಬುದಕ್ಕೆ ಉತ್ತರ ಅಲ್ಲಿದೆ.

1928ರ ಫೆಬ್ರುವರಿ 19. ಲಂಡನ್ನಿನ ಅಂಚಿನ ಎಪಿಂಗ್ ಕಾಡು, ಹೈ ಬೀಚ್. ಕಿಂಗ್ಸ್ ಓಕ್ ಎಂಬ ಹೋಟೆಲಿನ ಹಿಂದೆ ಒಂದು ಹಳೆಯ ಓಟದ ಟ್ರ್ಯಾಕು. ಸಂಘಟಕರು ಕಾದಿದ್ದು ಕೆಲವು ಸಾವಿರ ಜನರಿಗೆ. ನೀವು ಕಾಲೂರಲು ಜಾಗ ಹುಡುಕುತ್ತಿದ್ದೀರಿ, ಸುತ್ತ ಬಂದವರು ಸುಮಾರು 30,000 ಎಂದು ಆಮೇಲೆ ಅಂದಾಜು ಮಾಡಿದರು. ಜನ ಟ್ರ್ಯಾಕಿನ ಒಳಗಂಚಿನಲ್ಲೂ ನಿಂತಿದ್ದಾರೆ, ಮರ ಹತ್ತಿದ್ದಾರೆ. ಬ್ರಿಟನ್ನಿನಲ್ಲಿ ಸ್ಪೀಡ್‌ವೇ ಬೇರೂರಿದ ದಿನವೆಂದು ಸಾಮಾನ್ಯವಾಗಿ ಒಪ್ಪುವುದು ಇದನ್ನೇ. ಆ ದಿನ ಓಡಿದವರಲ್ಲಿ ಬಿಲ್ಲಿ ಗ್ಯಾಲೊವೇ, ಕೀತ್ ಮೆಕೇ ಎಂಬ ಇಬ್ಬರು ಆಸ್ಟ್ರೇಲಿಯನ್ನರಿದ್ದರು. ಕ್ರೀಡೆಯೇ ಅಲ್ಲಿಂದ ಬಂದದ್ದು. ನ್ಯೂಜಿಲೆಂಡಿನ ಜಾನಿ ಹಾಸ್ಕಿನ್ಸ್ 1923ರ ಡಿಸೆಂಬರ್ 15ರಂದು ನ್ಯೂ ಸೌತ್ ವೇಲ್ಸ್‌ನ ವೆಸ್ಟ್ ಮೇಟ್‌ಲೆಂಡಿನ ಜಾತ್ರೆಯಲ್ಲಿ ನಡೆಸಿದ ಓಟವನ್ನು ಇದರ ಹುಟ್ಟೆಂದು ಸಾಮಾನ್ಯವಾಗಿ ಹೇಳುತ್ತಾರೆ, ವಾದಗಳು ಇಲ್ಲದಿಲ್ಲ. ನಮ್ಮ ಏಳನೇ ನಂಬರಿನ ಹುಡುಗನ ಊರ ಕಡೆಯೇ ಅದು.

ಗ್ಯಾಲೊವೇ, ಮೆಕೇ ಇಬ್ಬರನ್ನೂ ಬಂದರಿನಲ್ಲಿ ಯಾರೂ ವರ್ಕ್ ಪರ್ಮಿಟ್ ಕೇಳಲಿಲ್ಲ. ಆಸ್ಟ್ರೇಲಿಯನ್ನರು ಆಗ ಬ್ರಿಟಿಷ್ ಪ್ರಜೆಗಳು. ಹಡಗಿನ ಟಿಕೆಟ್ಟೇ ಪರ್ಮಿಟ್ಟು. ಡೆನ್ಮಾರ್ಕಿನವನ ಕಥೆ ಬೇರೆ. 1920ರ ವಿದೇಶಿಯರ ಆದೇಶದ ಪ್ರಕಾರ ಸಾಮ್ರಾಜ್ಯದ ಹೊರಗಿನವನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಮಾಲೀಕ ಕಾರ್ಮಿಕ ಸಚಿವಾಲಯದ ಪರ್ಮಿಟ್ ತರಬೇಕಿತ್ತು. ಮೊರಿಯನ್ ಹ್ಯಾನ್ಸನ್ ಎಂಬ ಡೇನ್ ಆ ಕಾಲದಲ್ಲೇ ಇಲ್ಲಿ ಹೆಸರು ಮಾಡಿದ.

1936ರ ಸೆಪ್ಟೆಂಬರ್ 10, ವೆಂಬ್ಲಿ. ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್. ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ. ಬ್ಲೂಯಿ ವಿಲ್ಕಿನ್ಸನ್ ಆ ರಾತ್ರಿ ಓಡಿದ ಐದೂ ಓಟಗಳನ್ನು ಗೆದ್ದ, ಆದರೂ ಚಾಂಪಿಯನ್ ಆಗಲಿಲ್ಲ. ಹಿಂದಿನ ಸುತ್ತುಗಳಿಂದ ತಂದ ಬೋನಸ್ ಪಾಯಿಂಟು ಸೇರಿಸಿದಾಗ ಮೂರನೆಯವನಾದ. ಸಿಡ್ನಿಯ ಲಯೊನೆಲ್ ವಾನ್ ಪ್ರಾಗ್ ನಿರ್ಣಾಯಕ ಓಟದಲ್ಲಿ ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್‌ನನ್ನು ಹಿಂದೆ ಹಾಕಿದ. ಮುಂದೆ ಯುದ್ಧ ಬಂದಾಗ ಆ ಆಸ್ಟ್ರೇಲಿಯನ್ ವಾನ್ ಪ್ರಾಗ್‌ಗೂ, ಪರ್ಮಿಟ್ ಬೇಕಿದ್ದ ಡೇನ್ ಹ್ಯಾನ್ಸನ್‌ಗೂ ಬ್ರಿಟನ್ ಒಂದೇ ಪದಕ ಕೊಟ್ಟಿತು, ಜಾರ್ಜ್ ಮೆಡಲ್. ಹೊರಗಿನವರು ಎಂದು ನಾವು ಸುಲಭವಾಗಿ ಅಂದುಬಿಡುವವರ ಬಗ್ಗೆ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ರೈಡರೊಬ್ಬ ವಿಶ್ವ ಚಾಂಪಿಯನ್ ಆಗಲು 1949ರವರೆಗೆ ಕಾಯಬೇಕಾಯಿತು. ಅವನು ಟಾಮಿ ಪ್ರೈಸ್.

1957. ಲಂಡನ್ನಿನ ವಿಂಬಲ್ಡನ್, ಪ್ಲಾವ್ ಲೇನ್. ಸಂಜೆಯ ಮುಖ್ಯ ಪಂದ್ಯ ಮುಗಿದಿದೆ, ಜನ ಎದ್ದು ಹೊರಡುತ್ತಿದ್ದಾರೆ. ನೀವು ಇನ್ನಷ್ಟು ಹೊತ್ತು ಕೂತರೆ ಕಾಣುವುದು ಎಳೆಯರಿಗೆಂದು ಇಟ್ಟ ಓಟಗಳು. ಅಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಿಂದ ಬಂದ 17ರ ಹುಡುಗನೊಬ್ಬ ಅವಕಾಶಕ್ಕಾಗಿ ಕಾದಿದ್ದಾನೆ. ಹೆಂಡತಿಯನ್ನು ಕಟ್ಟಿಕೊಂಡು ಹಡಗು ಹತ್ತಿ ಬಂದವನು. ತಂಡದಲ್ಲಿ ಗಟ್ಟಿ ಜಾಗ ಸಿಗಲಿಲ್ಲ. ಸೋತು ಊರಿಗೆ ಮರಳಿದ. 1963ರಲ್ಲಿ ಮತ್ತೆ ಬಂದು ನ್ಯೂಕಾಸಲ್ ತಂಡ ಸೇರಿದ. ಅವನ ಹೆಸರು ಐವನ್ ಮಾಗರ್. 1968ರಿಂದ 1979ರ ನಡುವೆ ಆರು ಸಲ ವಿಶ್ವ ಚಾಂಪಿಯನ್.

17ರ ಮಾಗರ್ ಇಂದು ಅರ್ಜಿ ಹಾಕಿದ್ದರೆ ಒಪ್ಪಿಗೆ ಪತ್ರಕ್ಕೆ ಏನು ತೋರಿಸುತ್ತಿದ್ದ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಒಂದು ಬಾಗಿಲು ಮುಚ್ಚಿದಾಗ ಒಬ್ಬ ಮನುಷ್ಯ ಮಾತ್ರ ಹೊರಗೆ ಉಳಿಯುವುದೂ ಅಲ್ಲ. ಈ ಮಾಗರ್ ಮುಂದೆ ಡೆನ್ಮಾರ್ಕಿನಲ್ಲಿ ತರಬೇತಿ ಶಿಬಿರ ನಡೆಸಿದಾಗ ಓಲೆ ಓಲ್ಸೆನ್ ಎಂಬ ಹುಡುಗ ಅವನ ಕಣ್ಣಿಗೆ ಬಿದ್ದ. ಓಲ್ಸೆನ್ 1967ರಲ್ಲಿ ನ್ಯೂಕಾಸಲ್‌ಗೆ ಬಂದ, 1971ರಲ್ಲಿ ಡೆನ್ಮಾರ್ಕಿನ ಮೊದಲ ವಿಶ್ವ ಚಾಂಪಿಯನ್ ಆದ, ಒಟ್ಟು ಮೂರು ಸಲ ಗೆದ್ದ. ಅವನನ್ನು ನೋಡಿ ಬೆಳೆದ ಹ್ಯಾನ್ಸ್ ನೀಲ್ಸನ್ ನಾಲ್ಕು ಸಲ, ಎರಿಕ್ ಗುಂಡರ್ಸನ್ ಮೂರು ಸಲ ಚಾಂಪಿಯನ್ ಆದರು. ಅವರೆಲ್ಲ ಪಳಗಿದ್ದು ವುಲ್ವರ್‌ಹ್ಯಾಂಪ್ಟನ್, ಕ್ರೇಡ್ಲಿ ಹೀತ್, ಆಕ್ಸ್‌ಫರ್ಡಿನಂಥ ಊರುಗಳ ಕೆಂಪು ಮಣ್ಣಿನಲ್ಲಿ, ವಾರಕ್ಕೆ ಮೂರು ನಾಲ್ಕು ರಾತ್ರಿ ಓಡಿ.

ಆ ನಡುವೆ ಕಾನೂನು ತಲೆಕೆಳಗಾಗಿತ್ತು. 1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆ, ಅದರ ಬೆನ್ನಿಗೆ 1971ರ ಕಾಯಿದೆ ಬಂದವು. ಅವುಗಳ ಗುರಿ ನಮ್ಮ ಉಪಖಂಡದವರು ಮತ್ತು ಕೆರಿಬಿಯನ್ ದ್ವೀಪದವರು ಎಂಬುದು ಆಗಿನ ಚರ್ಚೆಗಳನ್ನು ಬಲ್ಲ ಯಾರಿಗೂ ಗೊತ್ತಿರುವ ವಿಷಯ. ಬೇಲಿ ಹಾಕಿದ ಮೇಲೆ ಆಸ್ಟ್ರೇಲಿಯಾದ ಬೈಕ್ ಹುಡುಗನೂ ಅದರ ಹೊರಗೆ ಉಳಿದ. ಅವನಂಥವರಿಗಾಗಿಯೇ ಅಜ್ಜ ಅಜ್ಜಿಯ ನಿಯಮ ಸೇರಿಸಿದರು. ಎರಡನೇ ಕಾಯಿದೆ ಜಾರಿಗೆ ಬಂದದ್ದು 1973ರ ಜನವರಿ 1ರಂದು. ಅದೇ ದಿನ ಬ್ರಿಟನ್ನೂ ಡೆನ್ಮಾರ್ಕೂ ಒಟ್ಟಿಗೆ ಯುರೋಪಿನ ಸಮುದಾಯ ಸೇರಿದವು. ಒಂದೇ ಬೆಳಿಗ್ಗೆ ಡೇನ್ ರೈಡರಿಗೆ ಪರ್ಮಿಟ್ ಬೇಡವಾಯಿತು, ಬ್ರಿಟನ್ನಿನಲ್ಲಿ ಹಿರಿಯರ ಬೇರಿಲ್ಲದ ಆಸ್ಟ್ರೇಲಿಯನ್ನನಿಗೆ ಬೇಕಾಯಿತು.

1981ರ ಸೆಪ್ಟೆಂಬರಿನಲ್ಲಿ ಮತ್ತೆ ವೆಂಬ್ಲಿ. ಅಲ್ಲಿ ನಡೆದ ಕೊನೆಯ ವಿಶ್ವ ಫೈನಲ್, 90,000ಕ್ಕೂ ಹೆಚ್ಚು ಜನ. ಕ್ಯಾಲಿಫೋರ್ನಿಯಾದ ಬ್ರೂಸ್ ಪೆನ್‌ಹಾಲ್ ಗೆದ್ದ, ಓಲ್ಸೆನ್ ಎರಡನೆಯವ, ಟಾಮಿ ನೂಡ್ಸನ್ ಮೂರನೆಯವ. ಒಬ್ಬ ಅಮೆರಿಕನ್, ಇಬ್ಬರು ಡೇನರು. ಮೂವರೂ ಬ್ರಿಟಿಷ್ ಲೀಗಿನ ರೈಡರುಗಳು: ಒಬ್ಬ ಕ್ರೇಡ್ಲಿಯವನು, ಇಬ್ಬರು ಕೊವೆಂಟ್ರಿಯವರು. ಗ್ಯಾಲರಿಯಲ್ಲಿ ಕೂತ ಕ್ರೇಡ್ಲಿಯ ಜನ ಪೆನ್‌ಹಾಲ್‌ಗಾಗಿ ಗಂಟಲು ಹರಿದುಕೊಂಡಿದ್ದು ಅವನು ತಮ್ಮ ಊರಿನವನೆಂದೇ.

ಮ್ಯಾಂಚೆಸ್ಟರಿಗೆ ಮರಳಿ ಬನ್ನಿ. ಹತ್ತನೇ ಹೀಟು ಮುಗಿದಿದೆ. ದೀಪ ಹತ್ತಿವೆ, ಚಳಿ ಹೆಚ್ಚಿದೆ. ಪಿಟ್ಸಿನ ಇನ್ನೊಂದು ತುದಿಯಲ್ಲಿರುವ ಪೋಲಿಷ್ ರೈಡರನ್ನು ನೋಡಿ. ಭಾನುವಾರ ಪೋಲೆಂಡಿನಲ್ಲಿ ಓಡಿ, ಬೆಳಿಗ್ಗೆ ವಿಮಾನ ಹತ್ತಿ ಬಂದಿದ್ದಾನೆ, ನಾಳೆ ಸ್ವೀಡನ್. ಪ್ರತಿ ದೇಶದಲ್ಲೂ ಅವನದೊಂದು ವ್ಯಾನು, ಬೈಕುಗಳು, ಒಬ್ಬ ಮೆಕ್ಯಾನಿಕ್. 2004ರ ಮೇ 1ರಂದು ಪೋಲೆಂಡ್ ಯುರೋಪಿನ ಒಕ್ಕೂಟಕ್ಕೆ ಸೇರಿದ ಮೇಲೆ ಅವನಂಥವರಿಗೆ ಬ್ರಿಟನ್ನಿನ ಬಾಗಿಲು ತಟ್ಟುವ ಅಗತ್ಯವೇ ಇರಲಿಲ್ಲ. 2020ರ ಡಿಸೆಂಬರ್ 31ರ ರಾತ್ರಿ ಆ ಬಾಗಿಲು ಮುಚ್ಚಿತು. ಅದಕ್ಕೂ ಮುಂಚೆ ಇಲ್ಲಿ ದುಡಿಯುತ್ತಾ, ಬೇರೆ ದೇಶದಲ್ಲಿ ವಾಸವಿದ್ದವರಿಗೆ ಗಡಿ ದಾಟಿ ದುಡಿಯುವವರ ಪರ್ಮಿಟ್ ಎಂಬುದೊಂದು ಸಿಕ್ಕಿತು. ಅಂದರೆ ಆಗಲೇ ಒಳಗೆ ಕಾಲಿಟ್ಟವರಿಗೆ ಸಿಕ್ಕಿತು. ಆಗ ಶಾಲೆಯಲ್ಲಿದ್ದ ಡೇನ್ ಹುಡುಗನಿಗೆ, ಪೋಲ್ ಹುಡುಗನಿಗೆ ಸಿಗಲಿಲ್ಲ. ಅವರೂ ಈಗ ಆಸ್ಟ್ರೇಲಿಯನ್ನನ ಸಾಲಿಗೇ ಬಂದಿದ್ದಾರೆ, ಅವನಿಗಿರುವ ಅಜ್ಜಿಯ ದಾರಿಯೂ ಇಲ್ಲದೆ.

ಬೈಕು, ಬಿಡಿಭಾಗಗಳಿಗೂ ಈಗ ಗಡಿ ದಾಟಲು ಕಸ್ಟಮ್ಸಿನ ಕಾಗದ ಬೇಕು. ಬ್ರಿಟಿಷ್ ಹುಡುಗರಿಗೂ ಇದು ತಿರುಗಿ ಕಚ್ಚುತ್ತದೆ: ದೊಡ್ಡ ದುಡ್ಡಿರುವ ಪೋಲೆಂಡಿನ ಲೀಗಿಗೆ ಹೋಗುವವನು ಅಲ್ಲಿನ ಅನುಮತಿ ಪಡೆಯಬೇಕು, ಬರೀ ಪ್ರಯಾಣಿಕನಾಗಿ ಹೋದರೆ 180 ದಿನದಲ್ಲಿ 90 ದಿನ ಎಂಬ ಎಣಿಕೆ.

ಇಷ್ಟಾದರೂ ಇನ್ನೊಂದು ಪಕ್ಷದ ಮಾತನ್ನು ತಳ್ಳಿಹಾಕುವಂತಿಲ್ಲ. ನಿಮ್ಮ ಪಕ್ಕದ ಹಿರಿಯರನ್ನು ಕೇಳಿದರೆ ಅವರು ಹೇಳುವುದು ಇದನ್ನೇ: ಒಂದು ತಂಡದಲ್ಲಿ ಜಾಗ ಇರುವುದು ಏಳು. ಪ್ರತಿ ಜಾಗಕ್ಕೂ ಹೊರಗಿನಿಂದ ಸಿದ್ಧವಾದವನನ್ನು ತಂದು ಕೂರಿಸಿದರೆ ಸ್ಕಂತಾರ್ಪಿನ, ವರ್ಕಿಂಗ್ಟನ್ನಿನ ಹುಡುಗ ಎಲ್ಲಿ ಕಲಿಯಬೇಕು? ನ್ಯಾಯವಾದ ಪ್ರಶ್ನೆ. ಅದಕ್ಕೆ ಕ್ರೀಡೆಯೇ ಒಂದು ಉತ್ತರ ಕಂಡುಕೊಂಡಿದೆ. 2021ರಿಂದ ಮೇಲಿನ ಲೀಗಿನ ತಂಡಗಳಲ್ಲಿ ಬ್ರಿಟಿಷ್ ಎಳೆಯನಿಗೆ ರೈಸಿಂಗ್ ಸ್ಟಾರ್ ಎಂಬ ಜಾಗ ಮೀಸಲಿಟ್ಟರು. ಆ ವರ್ಷವೇ, ಇದೇ ಟ್ರ್ಯಾಕಿನಲ್ಲಿ, ಬ್ರಿಟನ್ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದಿತು. 2024ರಲ್ಲಿ ಮತ್ತೆ ಇಲ್ಲೇ. ಕಂಬ್ರಿಯಾದಿಂದ ಬಂದ ಡ್ಯಾನ್ ಬ್ಯೂಲಿ ಪ್ರಪಂಚದ ಅತ್ಯುತ್ತಮರ ಜೊತೆ ಚಕ್ರಕ್ಕೆ ಚಕ್ರ ತಾಗಿಸಿ ಓಡುವುದನ್ನು ಕಲಿತದ್ದು ಹೊರಗಿನವರು ಇರುವ ಲೀಗಿನಲ್ಲಿಯೇ. ಬ್ರಿಟನ್ನಿಗಾಗಿ ಮೂರು ಸಲ ವಿಶ್ವ ಚಾಂಪಿಯನ್ ಆದ ಮೊದಲ ರೈಡರ್ ಟೈ ವಾಫಿಂಡನ್ ಹುಟ್ಟಿದ್ದು ಸ್ಕಂತಾರ್ಪಿನಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಹದಿಹರೆಯದಲ್ಲಿ ಅವನು ಮರಳಿದಾಗ ಪಾಸ್‌ಪೋರ್ಟ್ ಸಾಕಾಯಿತು.

ಬ್ರಿಟಿಷ್ ಹುಡುಗನಿಗೆ ನಿಜವಾಗಿ ಅನ್ಯಾಯ ಮಾಡಿದ್ದು ಬುಲ್ಡೋಜರ್ ಮತ್ತು ಜಾಗದ ಬೆಲೆ. ಕೊವೆಂಟ್ರಿಯ ಬ್ರ್ಯಾಂಡನ್ ಸ್ಟೇಡಿಯಂನಲ್ಲಿ 2016ರ ನಂತರ ಓಟವಿಲ್ಲ. ಸ್ವಿಂಡನ್ 2019ರಲ್ಲಿ ನಿಂತಿತು. ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ 2023ರಲ್ಲಿ. ಟ್ರ್ಯಾಕೇ ಇಲ್ಲದ ಊರಿನಲ್ಲಿ ಯಾವ ವೀಸಾ ನಿಯಮವೂ ರೈಡರನ್ನು ಬೆಳೆಸಲಾರದು.

ಹದಿನೈದನೇ ಹೀಟು, ಕೊನೆಯದು. ಎರಡೂ ತಂಡಗಳು ತಮ್ಮ ಅತ್ಯುತ್ತಮರನ್ನು ಇಳಿಸುವ ಓಟ. ನಮ್ಮ ಏಳನೇ ನಂಬರಿನವನು ಇದರಲ್ಲಿಲ್ಲ. ಪಿಟ್ಸಿನ ಕಟ್ಟೆ ಹತ್ತಿ, ಕೆನ್ನೆಯ ಮಣ್ಣು ಒರೆಸಿಕೊಳ್ಳದೆ, ಮೇಲಿನವರು ಮೊದಲ ತಿರುವನ್ನು ಹೇಗೆ ಹೊಗುತ್ತಾರೆಂದು ಕಣ್ಣಿಟ್ಟು ನೋಡುತ್ತಿದ್ದಾನೆ. ಅವನು ಕಲಿಯಲು ಬಂದದ್ದು ಅದನ್ನೇ. 2005ರಲ್ಲಿ ಐಲ್ ಆಫ್ ವೈಟ್ ತಂಡಕ್ಕೆ, ಎರಡನೇ ದರ್ಜೆಯ ಲೀಗಿಗೆ ಬಂದ ಜೇಸನ್ ಡಾಯ್ಲ್ ಎಂಬ ಆಸ್ಟ್ರೇಲಿಯನ್ ಹೀಗೇ ನೋಡುತ್ತಾ, ಬೀಳುತ್ತಾ, ಏಳುತ್ತಾ ಹನ್ನೆರಡು ವರ್ಷ ಕಳೆದು, 2017ರಲ್ಲಿ 32ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಎರಡನೇ ದರ್ಜೆಯಲ್ಲಿ ಹುಡುಗನೊಬ್ಬ ಕಳೆಯುವ ಆ ವರ್ಷಗಳನ್ನು ಅಳೆಯುವ ಮಾಪನ ಇಂದಿನ ನಿಯಮದಲ್ಲಿಲ್ಲ.

ಆದ್ದರಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ಬ್ರಿಟನ್ನಿನ ಗೃಹ ಇಲಾಖೆ ಗಡಿಯನ್ನೆಲ್ಲ ತೆರೆದಿಡಬೇಕಿಲ್ಲ. ಯುವಜನರ ವೀಸಾದಲ್ಲಿರುವ ಕ್ರೀಡೆಯ ನಿಷೇಧವನ್ನು ಸ್ಪೀಡ್‌ವೇಯ ಎರಡನೇ ದರ್ಜೆಯ ಲೀಗಿನ ಮಟ್ಟಿಗೆ, 23 ವಯಸ್ಸಿನವರೆಗೆ, ತಂಡಕ್ಕೆ ಒಬ್ಬನಂತೆ ಸಡಿಲಿಸಲಿ. ಬ್ರಿಟಿಷ್ ಎಳೆಯರ ಮೀಸಲು ಜಾಗ ಹಾಗೆಯೇ ಇರಲಿ. ಇದನ್ನು ಬರೆದು, ಮಾಗರ್, ಓಲ್ಸೆನ್, ಡಾಯ್ಲ್ ಮೂವರ ಮೊದಲ ವರ್ಷಗಳ ದಾಖಲೆಯನ್ನು ಜೊತೆಗಿಟ್ಟು, ಇಲಾಖೆಯ ಮೇಜಿಗೆ ಒಯ್ಯಬೇಕಾದವರು ಈ ಕ್ರೀಡೆಯನ್ನು ನಡೆಸುವವರು. ಮುಂದಿನ ಋತು ಮಾರ್ಚಿನಲ್ಲಿ ಶುರುವಾಗುತ್ತದೆ. ಅರ್ಜಿ ಅದಕ್ಕೆ ಮುಂಚೆಯೇ ಹೋಗಬೇಕು.